ಓಝಾರ್ಕ್ ನದಿಯಲ್ಲಿ ಕೆನೂ ಮತ್ತು ಫ್ಲೈ ಗಾಳ: ಎರಡನ್ನೂ ಒಂದೇ ದಿನದಲ್ಲಿ ಮಾಡುವ ಕ್ರಮ

ಓಝಾರ್ಕ್ ಅಂದರೆ ಅಮೆರಿಕದ ಮಿಸೌರಿ, ಅರ್ಕನ್ಸಾ ರಾಜ್ಯಗಳಲ್ಲಿ ಹರಡಿದ ಬೆಟ್ಟಸೀಮೆ. ಸೇಂಟ್ ಲೂಯಿಸ್, ಸ್ಪ್ರಿಂಗ್‌ಫೀಲ್ಡ್, ಬೆಂಟನ್‌ವಿಲ್ ಕಡೆ ಇರುವ ನಮ್ಮವರು ಬೇಸಿಗೆ ಬಂತೆಂದರೆ ಇದೇ ಮಾತು ಹೇಳುತ್ತಾರೆ: ಕೆನೂ (ಹುಟ್ಟು ಹಾಕುವ ಉದ್ದನೆಯ ಕಿರುದೋಣಿ) ಬಾಡಿಗೆಗೆ ತಗೊಂಡ್ವಿ, ಫ್ಲೈ ರಾಡ್ (ಹುಳದಂತೆ ಕಾಣುವ ಹಗುರ ಕೊಕ್ಕೆ, ಅಂದರೆ ಫ್ಲೈ, ಬೀಸುವ ಗಾಳದ ಕೋಲು) ಕೊಂಡ್ವಿ, ವಿಡಿಯೋ ಎಲ್ಲ ನೋಡಿಕೊಂಡು ಹೋದ್ವಿ. ಮೀನಂತೂ ಸಿಗಲಿಲ್ಲ, ದೋಣಿಯೂ ಮಗುಚಿತು. ವಿಚಾರಿಸಿದರೆ ಕಾರಣ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ತೇಲುವ ದೋಣಿಯಲ್ಲಿ ಕೂತೇ ಗಾಳ ಬೀಸಲು ಹೋಗಿರುತ್ತಾರೆ.

ಹೊಸಬರಿಗೆ ನನ್ನ ನಿಯಮ ಇಷ್ಟೇ. ದೋಣಿ ಇರುವುದು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಲು. ಗಾಳ ಕೈಗೆ ಬರುವುದು ದೋಣಿ ದಡಕ್ಕೆ ಎಳೆದು, ಕಾಲು ನೆಲಕ್ಕೆ ತಾಗಿದ ಮೇಲೆ. ಕೆಳಗಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ. ಕ್ರಮ ಬದಲಿಸಬೇಡಿ.

1. ನದಿ ಮತ್ತು ದೂರ ಆರಿಸಿಕೊಳ್ಳುವುದು

ಓಝಾರ್ಕ್ ನದಿಗಳಲ್ಲಿ ಎರಡು ಜಾತಿ. ಒಂದು, ಮಳೆ ನಂಬಿದ್ದು. ಅರ್ಕನ್ಸಾದ ಬಫಲೋ ನದಿಯ ಮೇಲ್ಭಾಗ ಇಂಥದ್ದು. ವಸಂತದಲ್ಲಿ ತುಂಬಿ ಹರಿಯುತ್ತದೆ, ಜುಲೈ ಹೊತ್ತಿಗೆ ದೋಣಿಯನ್ನು ಕಲ್ಲಿನ ಮೇಲೆ ಎಳೆಯಬೇಕಾಗುತ್ತದೆ. ಇನ್ನೊಂದು, ನೆಲದಡಿಯ ಬುಗ್ಗೆಗಳಿಂದ ತುಂಬುವುದು. ಮಿಸೌರಿಯ ಕರೆಂಟ್ ನದಿ, ಎಲೆವೆನ್ ಪಾಯಿಂಟ್ ನದಿ ಇಂಥವು. ಬುಗ್ಗೆಯ ನೀರು ವರ್ಷವಿಡೀ ಸುಮಾರು 58 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 14 ಡಿಗ್ರಿ ಸೆಲ್ಸಿಯಸ್. ಅದಕ್ಕೇ ಅಲ್ಲಿ ತಣ್ಣೀರಿನ ಮೀನಾದ ಟ್ರೌಟ್ ಬದುಕುತ್ತದೆ, ಆಗಸ್ಟಿನಲ್ಲೂ ದೋಣಿ ತೇಲುತ್ತದೆ.

ಮೊದಲ ಸಲಕ್ಕೆ ಕರೆಂಟ್ ನದಿಯ ಸೀಡರ್ ಗ್ರೋವ್‌ನಿಂದ ಏಕರ್ಸ್‌ವರೆಗಿನ ಸುಮಾರು 8 ಮೈಲಿ ಸಾಕು. ಏಕರ್ಸ್ ತಲುಪುವ ಸ್ವಲ್ಪ ಮೊದಲು ವೆಲ್ಚ್ ಸ್ಪ್ರಿಂಗ್ ಬಂದು ಸೇರುತ್ತದೆ, ನೀರು ಒಮ್ಮೆಲೇ ಜಾಸ್ತಿಯಾಗುತ್ತದೆ, ತಣ್ಣಗಾಗುತ್ತದೆ. ಮೊಂಟಾಕ್ ಸ್ಟೇಟ್ ಪಾರ್ಕ್‌ನ ಕೆಳಗಿನ ಬ್ಯಾಪ್ಟಿಸ್ಟ್ ಕ್ಯಾಂಪ್‌ನಿಂದ ಸೀಡರ್ ಗ್ರೋವ್‌ವರೆಗಿನ ಭಾಗದಲ್ಲಿ ಮೀನು ಚೆನ್ನಾಗಿದೆ. ಆದರೆ ನದಿ ಕಿರಿದು, ತಿರುವು ಜಾಸ್ತಿ, ಬಿದ್ದ ಮರಗಳೂ ಜಾಸ್ತಿ. ಅದು ಎರಡನೇ ವರ್ಷಕ್ಕಿರಲಿ.

ಸುಮ್ನೆ ಹುಟ್ಟು ಹಾಕುತ್ತಾ ಹೋದರೆ ಗಂಟೆಗೆ 2–3 ಮೈಲಿ ಸಾಗುತ್ತದೆ. ಮೀನು ಹಿಡಿಯುತ್ತಾ ಹೋದರೆ ಗಂಟೆಗೆ 1 ಮೈಲಿ ಅಂತಲೇ ಲೆಕ್ಕ ಹಾಕಿ. ಇಲ್ಲಿ ಎಡವುವವರು ತುಂಬ ಜನ. 16 ಮೈಲಿ ಬುಕ್ ಮಾಡಿ, ಮಧ್ಯಾಹ್ನ 3ಕ್ಕೆ ಅರ್ಧ ದಾರಿಯಲ್ಲಿದ್ದು, ಕತ್ತಲೆಗೆ ಹೆದರಿ ಉಳಿದದ್ದನ್ನೆಲ್ಲ ಓಡಿಸುತ್ತಾರೆ. ದೋಣಿ ಮಗುಚುವುದು ಆ ಗಡಿಬಿಡಿಯಲ್ಲೇ.

ಜೂನ್‌ನಿಂದ ಆಗಸ್ಟ್‌ವರೆಗಿನ ಶನಿವಾರ ಬೇಡ. ರಾಫ್ಟ್, ಟ್ಯೂಬ್, ಸ್ಪೀಕರ್ ಗದ್ದಲದಲ್ಲಿ ಮೀನು ಕಲ್ಲಿನಡಿ ಸೇರಿರುತ್ತದೆ. ಮೇ ಅಥವಾ ಸೆಪ್ಟೆಂಬರಿನ ವಾರದ ದಿನ ರಜೆ ಹಾಕಿ.

ಬುಲ್ ಶೋಲ್ಸ್ ಅಣೆಕಟ್ಟಿನ ಕೆಳಗಿನ ವೈಟ್ ನದಿಯಲ್ಲಿ ದೊಡ್ಡ ದೊಡ್ಡ ಟ್ರೌಟ್ ಇವೆ, ನಿಜ. ಆದರೆ ವಿದ್ಯುತ್ ತಯಾರಿಸಲು ನೀರು ಬಿಟ್ಟಾಗ ಮೊಣಕಾಲಿನಷ್ಟಿದ್ದ ಹರಿವು ಸ್ವಲ್ಪ ಹೊತ್ತಿನಲ್ಲೇ ತಲೆ ಮುಳುಗುವಷ್ಟಾಗಬಹುದು. ಹೊಸಬರು ಬಾಡಿಗೆ ಕೆನೂ ತಗೊಂಡು ಅಲ್ಲಿಗೆ ಹೋಗಬಾರದು.

2. ಪರವಾನಗಿ ಮತ್ತು ಕಾನೂನು

ಸುಮ್ಮನೆ ದೋಣಿಯಲ್ಲಿ ಹೋಗುವವರಿಗೆ ಫಿಶಿಂಗ್ ಪರ್ಮಿಟ್ ಬೇಡ. ಗಾಳ ಹಾಕುವವರಿಗೆ ಬೇಕು. ಮಿಸೌರಿಯಲ್ಲಿ ಮನೆ ಮಾಡಿ 30 ದಿನ ಆಗಿದ್ದರೆ, ಬೇರೆ ರಾಜ್ಯದ ನಿವಾಸಿ ಅಂತ ಹೇಳಿಕೊಳ್ಳದಿದ್ದರೆ, ನಿವಾಸಿ ದರ ಸಿಗುತ್ತದೆ. ಟ್ರೌಟ್ ಮನೆಗೆ ಒಯ್ಯುವುದಾದರೆ ಟ್ರೌಟ್ ಪರ್ಮಿಟ್ ಬೇರೆ ತಗೊಳ್ಳಬೇಕು.

ಬೆಂಗಳೂರಿನಿಂದ ಬಂದ ಅಪ್ಪನ ಕೈಗೂ ಗಾಳ ಕೊಡುವ ಆಸೆ ಎಲ್ಲರಿಗೂ ಇರುತ್ತದೆ. 65 ದಾಟಿದವರಿಗೆ ಪರ್ಮಿಟ್ ಬೇಡ ಎಂಬ ವಿನಾಯಿತಿ ಮಿಸೌರಿ ನಿವಾಸಿಗಳಿಗೆ ಮಾತ್ರ. ಪ್ರವಾಸಕ್ಕೆ ಬಂದ ಅಪ್ಪನಿಗೆ ದಿನದ ಪರ್ಮಿಟ್ ಮಾಡಿಸಿ. ಫೋನಿನಲ್ಲೇ ಆಗುತ್ತದೆ, ಮನೆಯಲ್ಲೇ ಮಾಡಿಸಿಕೊಳ್ಳಿ. ನದಿ ಹತ್ತಿರ ಸಿಗ್ನಲ್ ನಂಬಬೇಡಿ.

ಮೊಂಟಾಕ್ ಪಾರ್ಕ್‌ನ ಗಡಿಯಿಂದ ಸೀಡರ್ ಗ್ರೋವ್‌ವರೆಗೆ 'ಬ್ಲೂ ರಿಬ್ಬನ್' ಎಂಬ ವಿಶೇಷ ನಿಯಮದ ಟ್ರೌಟ್ ಪ್ರದೇಶ. ಅಲ್ಲಿ ಫ್ಲೈ ಅಥವಾ ಕೃತಕ ಲೂರ್ (ಮೀನನ್ನು ಸೆಳೆಯುವ ನಕಲಿ ಆಹಾರ) ಮಾತ್ರ. ಎರೆಹುಳು, ಮೆತ್ತನೆ ಪ್ಲಾಸ್ಟಿಕ್ ಬೇಟ್ ನಡೆಯುವುದಿಲ್ಲ. ಮೀನಿನ ಉದ್ದ ಮತ್ತು ಸಂಖ್ಯೆಯ ಮಿತಿ ಒಂದೊಂದು ಭಾಗಕ್ಕೆ ಒಂದೊಂದು ಥರ. ಹೊರಡುವ ಮೊದಲು ಆ ವರ್ಷದ ನಿಯಮ ನೋಡಿಕೊಳ್ಳಿ. ಸ್ಮಾಲ್‌ಮೌತ್ ಬಾಸ್ ಇಲ್ಲಿಯ ಮೂಲ ಮೀನು. ಈ ತೆಂಕಣ ಭಾಗದ ಹೊಳೆಗಳಲ್ಲಿ ಮಾರ್ಚ್ 1ರಿಂದ ಮೇ ತಿಂಗಳ ನಾಲ್ಕನೇ ಶನಿವಾರದ ಹಿಂದಿನ ದಿನದವರೆಗೆ ಅದನ್ನು ಹಿಡಿದರೆ ಬಿಡಲೇಬೇಕು.

ಇನ್ನು ದೋಣಿಯ ನಿಯಮ. ತಲೆಗೊಂದು ಲೈಫ್ ಜಾಕೆಟ್ ಇರಬೇಕು. ಮಿಸೌರಿಯಲ್ಲಿ 7 ವರ್ಷದೊಳಗಿನ, ಅರ್ಕನ್ಸಾದಲ್ಲಿ 12 ವರ್ಷದವರೆಗಿನ ಮಕ್ಕಳು ಅದನ್ನು ಹಾಕಿಕೊಂಡೇ ಇರಬೇಕು. ದೊಡ್ಡವರೂ ಹಾಕಿಕೊಳ್ಳಿ, ಸೀಟಿನಡಿ ಇಟ್ಟ ಜಾಕೆಟ್ ದೋಣಿ ಮಗುಚಿದಾಗ ನಿಮಗಿಂತ ಮುಂಚೆ ಕೆಳಗಿನ ಊರು ತಲುಪುತ್ತದೆ. ಗಾಜಿನ ಬಾಟಲಿ, ಥರ್ಮೋಕೋಲ್ ಕೂಲರ್ ತರುವಂತಿಲ್ಲ. ಚಿತ್ರಾನ್ನ, ಮೊಸರನ್ನ ಧಾರಾಳವಾಗಿ ತನ್ನಿ, ಉಪ್ಪಿನಕಾಯಿಯ ಗಾಜಿನ ಜಾಡಿ ಮಾತ್ರ ಮನೆಯಲ್ಲಿರಲಿ. ಕಸಕ್ಕೆ ದೋಣಿಗೆ ಕಟ್ಟಿದ ಬಲೆಚೀಲ ಬೇಕು.

3. ಸಾಮಾನು

ಟ್ರೌಟ್‌ಗೆ 9 ಅಡಿಯ 5-ವೇಟ್ ರಾಡ್ (ವೇಟ್ ಅಂದರೆ ಲೈನಿನ ತೂಕದ ಅಂಕಿ), ತೇಲುವ ಲೈನ್, 9 ಅಡಿಯ ಲೀಡರ್ (ಲೈನಿನ ತುದಿಗೆ ಕಟ್ಟುವ, ತೆಳುವಾಗುತ್ತಾ ಹೋಗುವ ದಾರ), ತುದಿಗೆ 5ಎಕ್ಸ್ ಟಿಪೆಟ್ (ಫ್ಲೈ ಕಟ್ಟುವ ತೆಳು ದಾರ; ಎಕ್ಸ್ ಅಂಕಿ ಹೆಚ್ಚಿದಷ್ಟೂ ತೆಳು). ಸ್ಮಾಲ್‌ಮೌತ್‌ಗೆ 6-ವೇಟ್ ಒಳ್ಳೆಯದು, ಆದರೆ ಮೊದಲ ವರ್ಷ 5-ವೇಟ್‌ನಲ್ಲೇ ಸುಧಾರಿಸಬಹುದು. ಟಿಪೆಟ್ ಮಾತ್ರ ದಪ್ಪದ್ದು ಕಟ್ಟಿ.

ಅಂಗಡಿಯಲ್ಲಿ ನೂರು ಬಗೆಯ ಫ್ಲೈ ಕಂಡು ತಲೆ ಕೆಡಿಸಿಕೊಳ್ಳಬೇಡಿ. ಫೆಸೆಂಟ್ ಟೇಲ್, ಹೇರ್ಸ್ ಇಯರ್, ಝೀಬ್ರಾ ಮಿಡ್ಜ್, ವೂಲಿ ಬಗ್ಗರ್ ಈ ನಾಲ್ಕು ಟ್ರೌಟ್‌ಗೆ. ಬಾಸ್‌ಗೆ ಕ್ಲೌಸರ್ ಮಿನ್ನೋ, ಕ್ರಾಫಿಶ್ ಆಕಾರದ್ದು ಒಂದು. ಒಂದೊಂದರಲ್ಲಿ ಮೂರ್ನಾಲ್ಕು ಇರಲಿ, ಮರಕ್ಕೆ ಕಾಣಿಕೆ ಕೊಡುವುದಂತೂ ಇದ್ದದ್ದೇ.

ಶೂಗೆ ರಬ್ಬರ್ ಅಡಿ ಇರಬೇಕು. ಫೆಲ್ಟ್ (ಒತ್ತಿದ ಉಣ್ಣೆಯಂಥ ದಪ್ಪ ಬಟ್ಟೆ) ಅಡಿಯ ವೇಡರ್ ಬೂಟುಗಳನ್ನು ಮಿಸೌರಿ 2012ರಲ್ಲೇ ಟ್ರೌಟ್ ನೀರಿನಲ್ಲಿ ನಿಷೇಧಿಸಿದೆ. ಒದ್ದೆ ಫೆಲ್ಟ್‌ನಲ್ಲಿ ಪಾಚಿ ಕುಳಿತು ಒಂದು ನದಿಯಿಂದ ಇನ್ನೊಂದಕ್ಕೆ ಹರಡುತ್ತದೆ ಅಂತ. ಹವಾಯಿ ಚಪ್ಪಲಿ, ಕ್ರಾಕ್ಸ್ ಬೇಡವೇ ಬೇಡ. ಮೊದಲ ಸೆಳವಿಗೇ ಕಳಚಿ ಹೋಗುತ್ತವೆ, ಆಮೇಲೆ ದಿನವಿಡೀ ಚೂಪುಕಲ್ಲಿನ ಮೇಲೆ ಬರಿಗಾಲು. ಜೀನ್ಸ್ ಹಾಕಬೇಡಿ. ವೇಡರ್ (ನೀರಿಗಿಳಿಯಲು ಹಾಕುವ, ನೀರು ಒಳಹೋಗದ ಉಡುಪು) ಹಾಕಿದರೆ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಬಿದ್ದಾಗ ಒಳಗೆ ನೀರು ತುಂಬಿಕೊಳ್ಳುತ್ತದೆ.

ಉಳಿದದ್ದು: ನೀರು ಒಳಹೋಗದ ಡ್ರೈ ಬ್ಯಾಗ್ ಎರಡು, ಒಣಬಟ್ಟೆ, ಹೆಚ್ಚುವರಿ ಹುಟ್ಟು ಒಂದು, ಮೊದಲೇ ಇಳಿಸಿಕೊಂಡ ಮ್ಯಾಪ್, ಪೋಲರೈಸ್ಡ್ ಕನ್ನಡಕ, ಉಣುಗು (ಟಿಕ್) ಹತ್ತದಂತೆ ಔಷಧಿ. ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಿಕೊಡಬೇಕಿಲ್ಲ. ಇಲ್ಲಿಯೂ ಅವು ರೋಗ ಹರಡುತ್ತವೆ. ರಾತ್ರಿ ಮೈಯೆಲ್ಲ ನೋಡಿಕೊಳ್ಳಿ.

4. ನಿಂತ ನೀರಿನಲ್ಲಿ ತಾಲೀಮು

ಇದನ್ನು ಬಿಟ್ಟು ನೇರ ನದಿಗೆ ಹೋಗುವವರೇ ಹೆಚ್ಚು. ಒಂದು ಭಾನುವಾರ ಕೆರೆಗೆ ಹೋಗಿ ಎರಡನ್ನೂ ಬೇರೆ ಬೇರೆಯಾಗಿ ಕಲಿಯಿರಿ.

ಮೊದಲು ದೋಣಿ. ಹಿಂದೆ ಕೂತವರದ್ದು ದಿಕ್ಕು, ಮುಂದೆ ಕೂತವರದ್ದು ಬಲ ಮತ್ತು ಕಣ್ಣು. ಭಾರದವರು ಹಿಂದೆ. ಗಂಡ ಹೆಂಡತಿ ಒಂದೇ ದೋಣಿಯಲ್ಲಿದ್ದರೆ ಯಾರ ಮಾತು ಕೊನೆ ಎಂಬುದನ್ನು ದಡದಲ್ಲೇ ತೀರ್ಮಾನಿಸಿ. ನೇರ ಹೋಗುವುದು, ಹುಟ್ಟನ್ನು ದೂರ ಚಾಚಿ ನೀರನ್ನು ನಿಮ್ಮ ಕಡೆ ಎಳೆದು ದೋಣಿಯನ್ನು ಪಕ್ಕಕ್ಕೆ ಸರಿಸುವುದು, ಇಬ್ಬರೂ ಸೇರಿ ಹಿಂದಕ್ಕೆ ಹುಟ್ಟು ಹಾಕುವುದು, ಈ ಮೂರು ಬಂದರೆ ಸಾಕು. ಮೂರನೆಯದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ನದಿಯ ತಿರುವಿನಲ್ಲಿ ಕಾಪಾಡುವುದು ಅದೇ.

ಆಮೇಲೆ ಗಾಳ. ವಿಡಿಯೋಗಳಲ್ಲಿ ಕಾಣುವ ತಲೆಮೇಲಿನ ಉದ್ದ ಬೀಸು ನೋಡಲು ಚೆಂದ, ಆದರೆ ಓಝಾರ್ಕ್ ನದಿಯಲ್ಲಿ ನಿಮ್ಮ ಬೆನ್ನ ಹಿಂದೆ ಸಿಕಮೋರ್ ಮರ ಇರುತ್ತದೆ. ಹಾಗಾಗಿ ಲೈನನ್ನು ಬೆನ್ನ ಹಿಂದೆ ದೂರಕ್ಕೆ ಎಸೆಯದೆ ಮುಂದಕ್ಕೆ ಉರುಳಿಸುವ ಬೀಸು, ಅಂದರೆ ರೋಲ್ ಕಾಸ್ಟ್ ಮೊದಲು ಕಲಿಯಿರಿ. ಇದಕ್ಕೆ ಹುಲ್ಲುಹಾಸು ಆಗುವುದಿಲ್ಲ. ಲೈನನ್ನು ನೀರು ಹಿಡಿದುಕೊಂಡಿದ್ದರೇ ಇದು ಕೆಲಸ ಮಾಡುವುದು.

ಕೊಕ್ಕೆಯ ಬದಲು ಉಣ್ಣೆದಾರದ ತುಂಡು ಕಟ್ಟಿ. 20 ಅಡಿ ಲೈನ್ ನೀರಿನ ಮೇಲೆ ಮುಂದಕ್ಕಿರಲಿ. ರಾಡಿನ ತುದಿಯನ್ನು ನಿಧಾನವಾಗಿ ಮೇಲೆತ್ತುತ್ತಾ ಹಿಂದಕ್ಕೆ ತನ್ನಿ. ಕೈ ಕಿವಿಯ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ಲೈನ್ ರಾಡಿನ ತುದಿಯಿಂದ ಇಳಿದು ಭುಜದ ಹಿಂದೆ ಅರ್ಧ ಚಂದ್ರದ ಹಾಗೆ ಜೋಲಬೇಕು. ಅಲ್ಲಿಯವರೆಗೆ ಕಾಯಿರಿ, ಹತ್ತರಲ್ಲಿ ಒಂಬತ್ತು ಜನ ಕಾಯುವುದಿಲ್ಲ. ಈಗ ಮುಂದಕ್ಕೆ ವೇಗ ಏರಿಸುತ್ತಾ ಹೊಡೆದು, ಎದೆಯ ಎತ್ತರದಲ್ಲೇ ಗಕ್ಕನೆ ನಿಲ್ಲಿಸಿ. ತೊಳೆದ ಸೌಟಿನ ನೀರು ಕೊಡವುವಾಗ ಕೈ ಕೊನೆಯಲ್ಲಿ ಹೇಗೆ ನಿಲ್ಲುತ್ತದೋ ಹಾಗೆ. ಲೈನ್ ಸುರುಳಿಯಾಗಿ ಉರುಳಿ ಮುಂದೆ ಬಿಚ್ಚಿಕೊಳ್ಳುತ್ತದೆ. ಕಾಲ ಬಳಿಯೇ ಗುಪ್ಪೆಯಾಗಿ ಬಿದ್ದರೆ ನೀವು ನಿಲ್ಲಿಸಲಿಲ್ಲ, ರಾಡನ್ನು ನೀರಿನವರೆಗೂ ಬಾಗಿಸಿದಿರಿ ಎಂದರ್ಥ.

30 ಅಡಿ ದೂರ ಸರಿಯಾಗಿ ಬಿದ್ದರೆ ಸಾಕು. ಇಲ್ಲಿಯ ಹೆಚ್ಚಿನ ಮೀನು ಅಷ್ಟರೊಳಗೇ ಇರುತ್ತದೆ.

5. ಹೊರಡುವ ದಿನ: ನೀರಿನ ಮಟ್ಟ

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ನದಿಗಳ ಮಟ್ಟವನ್ನು ಆನ್‌ಲೈನ್‌ನಲ್ಲಿ ಆಗಾಗ ಹಾಕುತ್ತಿರುತ್ತದೆ. ಅಡಿ ಮತ್ತು ಕ್ಯೂಸೆಕ್ ಎರಡೂ ಇರುತ್ತವೆ. ಕೆಆರ್‌ಎಸ್ ಒಳಹರಿವು ಓದಿ ಬೆಳೆದವರಿಗೆ ಈ ಗ್ರಾಫ್ ಸುಲಭ. ಅದೇ ಗ್ರಾಫಿನಲ್ಲಿ ಆ ದಿನಕ್ಕೆ ಮಾಮೂಲಿ ಮಟ್ಟ ಎಷ್ಟು ಅಂತ ಗುರುತು ಇರುತ್ತದೆ. ಗೆರೆ ಆ ಗುರುತಿಗಿಂತ ತುಂಬ ಮೇಲಿದ್ದು, ಇನ್ನೂ ಏರುತ್ತಿದ್ದರೆ ಹೋಗಬೇಡಿ. ಇಳಿಯುತ್ತಿದ್ದರೆ ದೋಣಿ ಬಾಡಿಗೆಯವರಿಗೆ ಫೋನ್ ಮಾಡಿ ಕೇಳಿ. ಹೊಸಬರಿಗೆ ಆಗುತ್ತದಾ ಅಂತ ನೇರವಾಗಿ ಕೇಳಿ.

ನಿಮ್ಮ ಕಡೆ ಬಿಸಿಲಿದ್ದರೂ ಮೇಲ್ಭಾಗದಲ್ಲಿ ರಾತ್ರಿ ಮಳೆಯಾಗಿದ್ದರೆ ನೀರು ಬಂದೇ ಬರುತ್ತದೆ. ಇಲ್ಲಿಯ ಬೆಟ್ಟಗಳು ಸುಣ್ಣಕಲ್ಲಿನವು, ಕಣಿವೆ ಕಿರಿದು. 2017ರ ಏಪ್ರಿಲ್ ಕೊನೆಯ ಮಳೆಗೆ ವ್ಯಾನ್ ಬ್ಯುರೆನ್ ಊರಿನಲ್ಲಿ ಕರೆಂಟ್ ನದಿ 37 ಅಡಿ ದಾಟಿತ್ತು. ಆಗ ಬುಡಸಮೇತ ಉರುಳಿದ ಮರಗಳು ಈ ಭಾಗದ ನದಿಗಳಲ್ಲಿ ಹೊಸ ಅಡ್ಡಿಗಳಾದವು. ಹಳೆಯ ವಿಡಿಯೋ ನೋಡಿ ದಾರಿ ಗೊತ್ತು ಅಂದುಕೊಳ್ಳಬೇಡಿ.

ನಿಮ್ಮ ಕಾರನ್ನು ಇಳಿಯುವ ಜಾಗದಲ್ಲಿ ಬಿಟ್ಟು, ಬಾಡಿಗೆಯವರ ವ್ಯಾನಿನಲ್ಲಿ ಮೇಲಕ್ಕೆ ಹೋಗಿ. ಹೀಗೆ ಮಾಡಿದರೆ ಸಂಜೆ ಯಾರೂ ನಿಮಗಾಗಿ ಕಾಯುತ್ತಿರುವುದಿಲ್ಲ, ನೀವೂ ಯಾರಿಗೂ ಕಾಯಬೇಕಿಲ್ಲ.

6. ದೋಣಿ ತುಂಬುವುದು, ರಾಡ್ ಇಡುವುದು

ಭಾರದ ಸಾಮಾನು ನಡುವೆ, ತಳಕ್ಕೆ ತಾಗಿರಲಿ. ಎಲ್ಲವನ್ನೂ ದೋಣಿಗೆ ಕಟ್ಟಿ. ಕಟ್ಟುವಾಗ ಉದ್ದ ಹಗ್ಗ ಜೋತಾಡಬಾರದು, ಮಗುಚಿದಾಗ ಅದು ಕಾಲಿಗೆ ಸುತ್ತಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ರಾಡ್ ಮುರಿಯುವುದು ದೋಣಿಯಲ್ಲೇ. ತುದಿಯನ್ನು ಮುಂದಕ್ಕೆ ಚಾಚಿ ಇಟ್ಟಿರುತ್ತಾರೆ, ಬಾಗಿದ ಕೊಂಬೆಗೆ ಸಿಕ್ಕಿ ಪಟ್ ಅನ್ನುತ್ತದೆ. ತುದಿ ಯಾವಾಗಲೂ ಹಿಂದಕ್ಕಿರಲಿ, ದೋಣಿಯ ಅಂಚಿನಿಂದ ಹೊರಗೆ ಬರಬಾರದು. ಕೊಕ್ಕೆಯನ್ನು ಹಿಡಿಯ ಬಳಿಯ ಬಳೆಗೆ ಸಿಕ್ಕಿಸಿ ದಾರ ಬಿಗಿ ಮಾಡಿ. ಮುಂದೆ ಬಿರುಸಾದ ಹರಿವು ಇದೆ ಅಂತ ಗೊತ್ತಿದ್ದರೆ ರಾಡ್ ಬಿಚ್ಚಿ ಕೊಳವೆಗೆ ಹಾಕಿ.

7. ನದಿಯಲ್ಲಿ: ತಿರುವು ಮತ್ತು ಮರ

ಈ ನದಿಗಳಲ್ಲಿ ದೊಡ್ಡ ಜಲಪಾತ, ಬಂಡೆಗಳ ಅಬ್ಬರ ಇಲ್ಲ. ಜೀವಕ್ಕೆ ಕುತ್ತು ತರುವುದು ತಿರುವಿನ ಹೊರಬದಿಯಲ್ಲಿ ಬಿದ್ದ ಮರ. ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಹೋಗಲಾರ. ಸೆಳವು ಯಾವಾಗಲೂ ಹೊರಬದಿಗೇ ತಳ್ಳುತ್ತದೆ.

ತಿರುವು ಕಂಡ ಕೂಡಲೇ ಹೊಸಬರು ಜೋರಾಗಿ ಮುಂದಕ್ಕೆ ಹುಟ್ಟು ಹಾಕುತ್ತಾರೆ. ಅದರಿಂದ ಮರಕ್ಕೆ ಇನ್ನೂ ಬೇಗ ತಲುಪುತ್ತಾರೆ, ಅಷ್ಟೇ. ಸರಿಯಾದ ಕ್ರಮ ಹೀಗೆ:

1. ತಿರುವಿಗೆ ಬರುವ ಮೊದಲೇ ಒಳಬದಿಯ ಕಡೆ, ಅಂದರೆ ಕಲ್ಲುದಿಬ್ಬ ಇರುವ ಕಡೆ ಸರಿದಿರಿ.
2. ದೋಣಿಯ ಹಿಂಭಾಗವನ್ನು ಒಳಬದಿಗೆ ತಿರುಗಿಸಿ. ಮೂತಿ ಹೊರಬದಿಯ ಮರವನ್ನು ನೋಡುತ್ತಿರುತ್ತದೆ, ಹೆದರಬೇಡಿ.
3. ಇಬ್ಬರೂ ಹಿಂದಕ್ಕೆ ಹುಟ್ಟು ಹಾಕಿ. ದೋಣಿ ನಿಧಾನವಾಗುತ್ತದೆ, ಜೊತೆಗೆ ಒಳಬದಿಗೆ ಸರಿಯುತ್ತದೆ.
4. ತಿರುವಿನ ಆಚೆ ಕಾಣದಿದ್ದರೆ ಮುಂಚೆಯೇ ದಡಕ್ಕೆ ಹತ್ತಿ, ನಡೆದು ಹೋಗಿ ನೋಡಿ. ಅಡ್ಡಿ ಇದ್ದರೆ ದೋಣಿಯನ್ನು ಆಳವಿಲ್ಲದ ಬದಿಯಲ್ಲಿ ನಡೆಸಿಕೊಂಡು ಹೋಗಿ.

ಕಲ್ಲಿನ ಮೇಲೆ ಓಡುವ ತೆಳು ಹರಿವಿನಲ್ಲಿ ನೀರಿನ ಮೇಲಿನ ಆಕಾರ ನೋಡಿ. ಎರಡು ಬದಿಯ ಅಲೆ ಸೇರಿ ಮೊನೆ ಕೆಳದಿಕ್ಕಿಗಿದ್ದರೆ ಅದೇ ದಾರಿ. ಮೊನೆ ನಿಮ್ಮ ಕಡೆಗಿದ್ದರೆ ಅಲ್ಲಿ ಕಲ್ಲಿದೆ.

ದೋಣಿ ಅಡ್ಡವಾಗಿ ಕಲ್ಲಿಗೆ ಬಡಿದರೆ ಮೈ ತಾನಾಗಿ ಕಲ್ಲಿನಿಂದ ದೂರ ವಾಲುತ್ತದೆ. ಆಗ ಮೇಲ್ಗಡೆಯ ಅಂಚು ತಗ್ಗಿ ನೀರು ಒಳನುಗ್ಗುತ್ತದೆ. ಕಲ್ಲಿನ ಕಡೆಗೇ ವಾಲಿ. ಬೇಕಿದ್ದರೆ ಕಲ್ಲನ್ನು ತಬ್ಬಿಕೊಳ್ಳಿ.

ಬಿದ್ದರೆ ದೋಣಿಯ ಮೇಲ್ಬದಿಯಲ್ಲಿರಿ, ದೋಣಿಗೂ ಕಲ್ಲಿಗೂ ನಡುವೆ ಎಂದೂ ಸಿಕ್ಕಬೇಡಿ. ನೀರು ತುಂಬಿದ ದೋಣಿ ನೂರಾರು ಕಿಲೋ ತೂಗುತ್ತದೆ. ಅಂಗಾತ ಮಲಗಿ, ಪಾದ ಮೇಲೆ, ಕೆಳದಿಕ್ಕಿಗೆ. ಸೆಳವಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲುಸಂದಿಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಒಂದು ಸಂದರ್ಭ ಬೇರೆ: ಎದುರಿಗೆ ಬಿದ್ದ ಮರವೇ ಇದ್ದು ತಪ್ಪಿಸಿಕೊಳ್ಳಲು ಆಗದಿದ್ದರೆ, ಬೋರಲಾಗಿ ತಲೆ ಮುಂದೆ ಮಾಡಿ ಅದರತ್ತಲೇ ಜೋರಾಗಿ ಈಜಿ, ಮೈಯನ್ನು ಕಾಂಡದ ಮೇಲೆ ಎಸೆದುಕೊಳ್ಳಿ. ಕಾಲು ಅಡಿಗೆ ಹೋಗಬಾರದು.

ಹರಿಯುವ ನೀರಿನಲ್ಲಿ ದೋಣಿಗೆ ಲಂಗರು ಹಾಕಬೇಡಿ. ಮೀನು ಹಿಡಿಯಲು ನಿಲ್ಲಿಸೋಣ ಅಂತ ಪಕ್ಕಕ್ಕೆ ಹಗ್ಗ ಕಟ್ಟಿದರೆ ಸೆಳವು ದೋಣಿಯನ್ನು ಎಳೆದು ಮಗುಚುತ್ತದೆ.

8. ದಡಕ್ಕೆ ಬಂದು ಗಾಳ ಹಾಕುವುದು

ಕಲ್ಲುದಿಬ್ಬದ ಕೆಳತುದಿಯಲ್ಲಿ ದೋಣಿ ನಿಲ್ಲಿಸಿ, ಪೂರ್ತಿ ಮೇಲೆಳೆದು ಕಟ್ಟಿ. ಟ್ರೌಟ್ ಸೆಳವಿಗೆ ಮುಖ ಮಾಡಿ ನಿಂತಿರುತ್ತದೆ, ಕೆಳಗಿನಿಂದ ಹೋದರೆ ನಿಮ್ಮನ್ನು ನೋಡುವುದಿಲ್ಲ. ಹೊಸಬರು ನೇರ ಸೊಂಟದಷ್ಟು ನೀರಿಗೆ ಇಳಿದು ದೂರಕ್ಕೆ ಬೀಸುತ್ತಾರೆ. ಅವರು ನಿಂತ ಜಾಗದಲ್ಲೇ ಮೀನು ಇತ್ತು! ಮೊದಲು ದಡದ ಮೇಲೆ ನಿಂತೇ ಹತ್ತಿರದ ನೀರಿಗೆ ಹಾಕಿ.

ಎಲ್ಲಿ ಹಾಕಬೇಕು? ವೇಗದ ನೀರು ಮತ್ತು ನಿಧಾನದ ನೀರು ತಾಗುವ ಗೆರೆ ಕಾಣುತ್ತದೆ, ಅದರ ಮೇಲೆ ನೊರೆ ಸಾಲಾಗಿ ಹೋಗುತ್ತಿರುತ್ತದೆ. ಆ ಸಾಲೇ ಜಾಗ. ಆಮೇಲೆ ಮಡುವಿನ ತಲೆ, ಬಂಡೆಯ ಹಿಂದು ಮುಂದು, ಬುಗ್ಗೆ ಸೇರುವ ಕೆಳಗು.

ಫೆಸೆಂಟ್ ಟೇಲ್ ಕಟ್ಟಿ, ಅದರ ಮೇಲೆ ತೇಲುವ ಇಂಡಿಕೇಟರ್ (ಮೀನು ಕಚ್ಚಿದ್ದನ್ನು ತೋರಿಸುವ ಬೆಂಡು) ಹಾಕಿ. ಎರಡರ ನಡುವಿನ ಅಂತರ ನೀರಿನ ಆಳದ ಒಂದೂವರೆಪಟ್ಟು. ಆಗಾಗ ತಳಕ್ಕೆ ತಾಗುತ್ತಿರಬೇಕು. ಒಮ್ಮೆಯೂ ತಾಗದಿದ್ದರೆ ಮೀನಿನ ತಲೆಯ ಮೇಲೆ ಹೋಗುತ್ತಿದೆ ಎಂದರ್ಥ.

ಬಿದ್ದ ಮೇಲೆ ಇಂಡಿಕೇಟರ್ ಪಕ್ಕದ ನೊರೆಯ ವೇಗದಲ್ಲೇ ಹೋಗಬೇಕು. ಅದಕ್ಕಿಂತ ಬೇಗ ಹೋಗಿ ಹಿಂದೆ ಗೆರೆ ಎಳೆಯುತ್ತಿದ್ದರೆ ಲೈನ್ ಅದನ್ನು ಎಳೆಯುತ್ತಿದೆ. ರಾಡಿನ ತುದಿಯಿಂದ ಲೈನಿನ ಬಾಗಿದ ನಡುಭಾಗವನ್ನು ಎತ್ತಿ ಮೇಲ್ದಿಕ್ಕಿಗೆ ಹಾಕಿ. ಫ್ಲೈ ಬದಲಿಸುತ್ತಾ ಕೂರುವ ಬದಲು ಇದನ್ನು ಸರಿಮಾಡಿ, ಮೀನು ಸಿಗದಿರಲು ಮುಖ್ಯ ಕಾರಣ ಇದೇ.

ಇಂಡಿಕೇಟರ್ ತಡೆದರೂ ಸಾಕು, ಅಲುಗಿದರೂ ಸಾಕು, ರಾಡ್ ಎತ್ತಿ. ಹತ್ತು ಸಲದಲ್ಲಿ ಹೆಚ್ಚಿನವು ಕಲ್ಲೇ ಆಗಿರುತ್ತವೆ, ಇರಲಿ. ಬಾಸ್ ಆದರೆ ರಾಡ್ ಎತ್ತಬೇಡಿ, ಎಡಗೈಯಲ್ಲಿ ಲೈನ್ ಜಗ್ಗಿ.

ನಮ್ಮಲ್ಲಿ ಎಷ್ಟೋ ಜನ ಮೀನು ತಿನ್ನುವುದಿಲ್ಲ, ಬಿಡುವುದಕ್ಕೇ ಹಿಡಿಯುತ್ತಾರೆ. ಹಾಗಾದರೆ ಸರಿಯಾಗಿ ಬಿಡಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿರಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣಗೈ ಅದರ ಮೈಯ ಲೋಳೆಯನ್ನು ಕಿತ್ತುಹಾಕುತ್ತದೆ. ಫೋಟೋಗೆ ನೀರಿನಿಂದ ಎತ್ತಿದರೆ ನೀವು ಉಸಿರು ಬಿಗಿಹಿಡಿಯಿರಿ; ನಿಮಗೆ ಕಷ್ಟವಾಗುವ ಮೊದಲೇ ಅದನ್ನು ವಾಪಸ್ ಇಳಿಸಿ. ಸೆಳವಿಗೆ ಮುಖ ಮಾಡಿಸಿ ಹಿಡಿದಿರಿ, ತಾನಾಗಿ ಒದ್ದುಕೊಂಡು ಹೋಗುತ್ತದೆ.

9. ಜಾಗ ಖಾಲಿ ಮಾಡಬೇಕಾದ ಸೂಚನೆಗಳು

ದಡಕ್ಕೆ ಬಂದ ಕೂಡಲೇ ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡಿ. ಕಡ್ಡಿಯ ಸುತ್ತ ನೀರು ಬಂದರೆ ಮಟ್ಟ ಏರುತ್ತಿದೆ. ತಿಳಿನೀರು ಬಗ್ಗಡವಾಗತೊಡಗಿದರೆ, ಎಲೆ ಕಡ್ಡಿ ಗುಂಪಾಗಿ ತೇಲಿ ಬಂದರೆ, ಮೇಲ್ಗಡೆ ಮಳೆ ಬಿದ್ದಿದೆ. ಎತ್ತರದ ದಡಕ್ಕೆ ದೋಣಿ ಸಮೇತ ಹೋಗಿ ಕೂರಿ. ಕಲ್ಲುದಿಬ್ಬದ ಮೇಲೆ ರಾತ್ರಿ ಟೆಂಟ್ ಹಾಕುವವರು ಇದನ್ನು ಎರಡು ಪಟ್ಟು ಗಮನಿಸಬೇಕು.

ಗುಡುಗು ಕೇಳಿದರೆ ರಾಡ್ ಕೆಳಗಿಡಿ. ಗ್ರಾಫೈಟ್ ವಿದ್ಯುತ್ ಹರಿಸುತ್ತದೆ.

ಜೊತೆಯವರು ನಡುಗುತ್ತಾ ಮಾತು ತೊದಲಿಸಿದರೆ, ಗಂಟು ಹಾಕಲು ಬೆರಳು ಕೇಳದಿದ್ದರೆ, ಅದು ಚಳಿಯ ಅಪಾಯ. ಜುಲೈನಲ್ಲೂ ಆಗುತ್ತದೆ, ಬುಗ್ಗೆನೀರು ತಾನೇ? ಒದ್ದೆಬಟ್ಟೆ ತೆಗೆಸಿ, ಒಣಬಟ್ಟೆ ಹಾಕಿಸಿ, ಸಿಹಿ ಏನಾದರೂ ತಿನ್ನಿಸಿ.

10. ಇಳಿದ ಮೇಲೆ

ಇಳಿಯುವ ಜಾಗ ಎಡಕ್ಕೋ ಬಲಕ್ಕೋ ಅಂತ ಬೆಳಗ್ಗೆಯೇ ಕೇಳಿಕೊಂಡಿರಬೇಕು. ಏಕರ್ಸ್ ದಾಟಿಬಿಟ್ಟರೆ ಮುಂದಿನ ಪುಲ್‌ಟೈಟ್‌ಗೆ ಇನ್ನೂ ಸುಮಾರು 10 ಮೈಲಿ.

ಬೂಟು, ವೇಡರ್, ಬಲೆಯಲ್ಲಿ ಅಂಟಿದ ಕೆಸರು ಪಾಚಿಯನ್ನು ಅಲ್ಲೇ ತೆಗೆಯಿರಿ. ಮನೆಯಲ್ಲಿ ಬಿಸಿನೀರು, ಸೋಪಿನಿಂದ ತೊಳೆದು, ಇನ್ನೊಂದು ನದಿಗೆ ಹೋಗುವ ಮೊದಲು ಕನಿಷ್ಠ 48 ಗಂಟೆ ಬಿಸಿಲಿನಲ್ಲಿ ಒಣಗಿಸಿ. ರಾಡನ್ನು ಒದ್ದೆಯಾಗಿ ಕೊಳವೆಗೆ ಹಾಕಬೇಡಿ, ಹಿಡಿಯ ಕಾರ್ಕ್‌ಗೆ ಬೂಷ್ಟು ಹಿಡಿಯುತ್ತದೆ. ಲೈನನ್ನು ಒದ್ದೆಬಟ್ಟೆಯಲ್ಲಿ ಒರೆಸಿ ಸುತ್ತಿ. ಲೀಡರ್‌ನಲ್ಲಿ ಸಣ್ಣ ಗಂಟುಗಳು ಬಿದ್ದಿದ್ದರೆ ಬಿಚ್ಚಲು ಕೂರಬೇಡಿ, ಕತ್ತರಿಸಿ ಹೊಸ ಟಿಪೆಟ್ ಕಟ್ಟಿಡಿ.